ತಾರಸಿಯ ಮೇಲಿನ ಸಿಮೆಂಟು

"ನನ್ನ ರೂಮಲ್ಲಿ ಏನಮ್ಮ ಅಳತೆ ತೆಗೀತಿದ್ದೀಯ?"

ಬಾಗಿಲಲ್ಲಿ ನಿಂತ ಅತ್ತೆ ಮಜೀದಾಳನ್ನು ಕಂಡು ರುಕ್ಸಾರ್ ಸ್ಟೂಲಿನಿಂದ ಇಳಿದು, ಟೇಪನ್ನು ದುಪಟ್ಟಾದೊಳಗೆ ಮರೆಮಾಡಿದಳು. ಒಂದು ವಾರದಿಂದ ಈ ಸೊಸೆ, ಅತ್ತೆ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ತೊಲೆಗಳನ್ನು ತಟ್ಟುತ್ತಾಳೆ, ಫೋಟೋ ತೆಗೆಯುತ್ತಾಳೆ. ಮೊನ್ನೆಯಂತೂ, "ಅಮ್ಮಿ, ನೀವು ಹಿಂದಿನ ರೂಮಿಗೆ ಬಂದ್ಬಿಡಿ" ಎಂದಿದ್ದಳು. ಯಾಕೆಂದು ಕೇಳಿದರೆ ಮಾತು ಬದಲಿಸಿದ್ದಳು.

ಪುಲಿಕೇಶಿನಗರದಲ್ಲಿ ಇಂಥ ಹಳೆಯ ಮನೆಗಳು ಈಗ ಬೆರಳೆಣಿಕೆಯಷ್ಟು. ಕಿಟಕಿಗಳ ಮೇಲೆ ಚೂಪಾದ ಮರದ ಮಾಡು, ಎರಡು ಆಳೆತ್ತರದ ಗೋಡೆ, ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಬಡಿದ ತಾರಸಿ, ಎಲ್ಲವೂ ಬ್ರಿಟಿಷರ ಕಾಲದ್ದು. ಹಿಂದಿನ ಕಾಂಕ್ರೀಟ್ ಕೋಣೆ ಮಗ ಮುಬೀನನ ಮದುವೆಗೆ ಕಟ್ಟಿಸಿದ್ದು. ತಗ್ಗು ಸೂರು, ಬೇಸಿಗೆಯಲ್ಲಿ ರೊಟ್ಟಿ ಹೆಂಚಿನಂತೆ ಕಾಯುತ್ತದೆ. ಅಲ್ಲಿಗೆ ಅತ್ತೆ, ಈ ತಂಪಿಗೆ ಸೊಸೆ! ಇಲ್ಲವೇ ಇಡೀ ಮನೆಯೇ ಬಿಲ್ಡರನ ಪಾಲು. ಮಜೀದಾಳಿಗೆ ಅಂದು ಅನ್ನ ಸೇರಲಿಲ್ಲ.

ಮರುದಿನ ಮಾರ್ಕೆಟ್ಟಿಗೆಂದು ಹೊರಟವಳು ಅರ್ಧ ದಾರಿಯಿಂದಲೇ ಮರಳಿದಳು. ಅವಳ ಕೋಣೆಯಲ್ಲಿ ರುಕ್ಸಾರ್ ಜೊತೆ ಯಾರೋ ಗಂಡಸು.

"ಯಾವ ಬಿಲ್ಡರ್ ಕಡೆಯವ್ರು ನೀವು?"

"ಬಿಲ್ಡರ್ ಅಲ್ಲಮ್ಮ. ಗಾರೆ ಮೇಸ್ತ್ರಿ ಕೆಂಪರಾಜ್, ಹಲಸೂರಿನವನು." ಅವನು ತೊಲೆಗೆ ಉಳಿ ಚುಚ್ಚಿದ. ಒದ್ದೆ ಪುಡಿ ಉದುರಿತು. "ಗಾರೆ ತಾರಸಿ ಉಸಿರಾಡ್ಬೇಕು. ಮೇಲೆ ಸಿಮೆಂಟ್ ಬಳಿದ್ಬಿಟ್ಟವ್ರೆ, ನೀರು ಒಳಗೇ ನಿಂತು ತೊಲೆ ಕೊಳೆತೋಗಿದೆ. ಹೊಸ ತೊಲೆ ಹಾಕೋವರ್ಗೂ ಇಲ್ಲಿ ಮಲಗ್ಬೇಡಿ."

ರುಕ್ಸಾರ್ ಬಿಕ್ಕಿದಳು. "ಅಮ್ಮಿ... ನಿಮ್ಮ ಮೇಲೆ ಒಂದು ಹನಿ ಬೀಳ್ಬಾರ್ದು ಅಂತ ಅಬ್ಬಾನೇ ಸಿಮೆಂಟ್ ಹಾಕ್ಸಿ ಹೋದ್ರು ಅಂತ ಎಲ್ಲರ ಹತ್ರ ಹೇಳ್ತೀರಲ್ಲ... ಅದರಿಂದ್ಲೇ ಹೀಗಾಯ್ತು ಅಂತ ಹೇಗೆ ಹೇಳ್ಲಿ?"

ತೀರಿಹೋದ ಮಾವನ ಹೆಸರು ಉಳಿಸಲು ಈ ಹುಡುಗಿ ತಾನೇ ಕಳ್ಳಿಯಾಗಿ ಓಡಾಡಿದ್ದಳು! ಮಜೀದಾಳ ಕಣ್ಣು ತುಂಬಿ ಬಂತು.

"ಅವರು ಬೇಡ ಅಂದಿದ್ರು ರುಕ್ಸಾರ್... ಗಾರೆನೇ ಹಾಕಿಸೋಣ ಅಂದ್ರು. ಪಕ್ಕದ ಮನೆಯವ್ರು ಹಾಕ್ಸಿದ್ದಾರೆ ಅಂತ ನಾನೇ ಹಠ ಹಿಡಿದು ಸಿಮೆಂಟ್ ಹಾಕಿಸ್ದೆ. ಅವರು ಹೋದ್ಮೇಲೆ... ಅವರೇ ಮಾಡ್ಸಿದ್ದು ಅಂತ ಹೇಳ್ತಾ ಹೇಳ್ತಾ ನಾನೇ ನಂಬ್ಬಿಟ್ಟೆ."

ಮಜೀದಾ ಕಣ್ಣೊರೆಸಿಕೊಂಡು ಮೇಸ್ತ್ರಿಯತ್ತ ತಿರುಗಿದಳು.

"ನಾಳೆನೇ ಒಡೆಯೋಕೆ ಶುರು ಮಾಡಿ. ಮುಬೀನ್‌ಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

ಆಮೇಲೆ ಹಾಸಿಗೆಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಎತ್ತಲು ಸೊಸೆಯನ್ನು ಕರೆದಳು.