ನಾನು ಹೇಳದೆ ಬಿಟ್ಟ ಹಾಡು

ನನ್ನ ಕಿವಿ ಚೆನ್ನಾಗಿಯೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಿವಿ ಕೇಳದವರ ಶಾಲೆಯ ಸಹಾಯಾರ್ಥ ದೊಡ್ಡ ಬಯಲಿನಲ್ಲಿ ರಾಕ್ ಬ್ಯಾಂಡಿನ ಕಾರ್ಯಕ್ರಮವಿತ್ತು, ಮಟಮಟ ಮಧ್ಯಾಹ್ನ. ವೇದಿಕೆಯ ಅಂಚಿನಲ್ಲಿ ನಿಂತು ಹಾಡಿನ ಮಾತನ್ನು ಕೈಸನ್ನೆಯಲ್ಲಿ ಹೇಳುವುದು ನನ್ನ ಕೆಲಸ. ಮುಂದಿನ ಸಾಲಿನ ನಲವತ್ತು ಜನ ಎದೆಗೆ ಬಲೂನು ಅವಚಿಕೊಂಡಿದ್ದರು. ಸದ್ದು ಅದರಲ್ಲಿ ನಡುಗಿ ಅವರ ಬೆರಳಿಗೆ ತಲುಪುತ್ತದೆ. ಅವರಲ್ಲಿ ನನ್ನ ತಂಗಿಯೂ ಒಬ್ಬಳು.

"ಒಂದು ಪದಾನೂ ನುಂಗಬೇಡ ಕಣೇ ಅಕ್ಕ, ನಿನ್ನ ಕಳ್ಳಾಟ ನಂಗೊತ್ತು" ಎಂದು ಮೊದಲೇ ಸನ್ನೆಯಲ್ಲಿ ಬೆದರಿಸಿದ್ದಳು.

ಮೂರನೆಯ ಹಾಡಿನ ನಡುವೆ ಕರೆಂಟು ಹೋಯಿತು. ಬ್ಯಾಂಡಿನವರು ನೀರು ಕುಡಿಯಲು ಒಳಗೆ ಹೋದರು.

"ಮೇಡಂ, ನಿಮ್ಮ ಕೈಗೂ ಸ್ವಲ್ಪ ರಜಾ ಕೊಡಿ" ಎಂದು ಸೌಂಡಿನವ ನಕ್ಕ.

ನಾನು ಕೈ ಇಳಿಸಿದೆ. ಮುಂದಿನ ಸಾಲಿನಲ್ಲಿ ಯಾರೂ ಬಲೂನು ಇಳಿಸಲಿಲ್ಲ. ಅಷ್ಟೂ ಕಾಲುಗಳು ಒಂದೇ ತಾಳಕ್ಕೆ ಕುಣಿಯುತ್ತಿದ್ದವು.

"ಹೇಳೇ, ಏನು ಹಾಡ್ತಿದಾನೆ?" ತಂಗಿಯ ಕೈಗಳು ಕೇಳಿದವು.

"ಯಾರೂ ಹಾಡ್ತಿಲ್ಲ."

ಅವಳು ಮುಖ ಗಂಟಿಕ್ಕಿದಳು. ನಾನು ವೇದಿಕೆಯಿಂದ ಇಳಿದುಹೋಗಿ ಅವಳ ಬಲೂನಿನ ಮೇಲೆ ಅಂಗೈ ಇಟ್ಟೆ. ಆ ಬಿಸಿಲಿನಲ್ಲೂ ಅದು ತಣ್ಣಗಿತ್ತು, ಒಳಗಿನಿಂದ ಯಾರೋ ಬಾರಿಸುತ್ತಿರುವಂತೆ ನಡುಗುತ್ತಿತ್ತು. ಕಿವಿ ಇಟ್ಟರೆ ಏನೂ ಇಲ್ಲ.

ಆಮೇಲೆ ನಲವತ್ತೂ ಜನ ಒಮ್ಮೆಗೇ ಬಲೂನು ಕೈಬಿಟ್ಟು, ಕೈಗಳನ್ನು ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಎಲ್ಲರ ಕಣ್ಣೂ ಯಾರೂ ನಿಂತಿರದ ಮೈಕಿನ ಮೇಲಿತ್ತು.

ಕರೆಂಟೂ ಬಂತು, ಬ್ಯಾಂಡೂ ಬಂತು. ತಂಗಿ ಮಾತ್ರ ಆ ದಿನ ಮತ್ತೆ ನನ್ನ ಕೈಯ ಕಡೆ ನೋಡಲಿಲ್ಲ. ಎರಡು ವರ್ಷವಾಯಿತು. ಈಗ ನಾನು ಏನೇ ಹೇಳಿದರೂ, ಅವಳು ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾಳೆ.