ಭಾನುವಾರದ ಮಾತು

ತಾನು ಹೇಳಿದ್ದಾದರೂ ಏನು? ಒಂದು ಮಾತೋ, ಹತ್ತು ಮಾತೋ? ಅವಳ ಮುಖ ನೋಡಿ ಹೇಳಿದ್ದೋ, ಎಂದಿನಂತೆ ನೆಲ ನೋಡುತ್ತಲೋ? ಮೂವತ್ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಆ ಒಂದು ಸಂಜೆಯೇ ಯಾಕೆ ಬಾಯಿ ಬಿಟ್ಟ?

ಮಂಗಳವಾರದಿಂದ ಅವನ ತಲೆಯಲ್ಲಿ ಇದೇ ಗಿರಣಿ ತಿರುಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಫುಟ್ಬಾಲ್ ಕ್ಲಬ್ಬಿನ ಫಿಸಿಯೋ ಕೋಣೆಯಲ್ಲಿ, ಕ್ಲಬ್ಬಿನ ಡಾಕ್ಟರಾದ ಅವಳು ಅವನ ಕಾಲಿನ ಗಂಟಿಗೆ ಪಟ್ಟಿ ಸುತ್ತುತ್ತಿದ್ದಳು. ಮುಟ್ಟುವ ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವುದು ಅವಳ ರೂಢಿ. ಆ ಉಜ್ಜುವ ಸದ್ದು ಕೇಳಿದರೆ ಸಾಕು, ಎದುರಾಳಿಗಳೆಲ್ಲ ‘ಗೋಡೆ’ ಎಂದು ಕರೆಯುವ ಈ ಡಿಫೆಂಡರನ ಎದೆ ಢವಢವ ಎನ್ನುತ್ತಿತ್ತು.

“ಭಾನುವಾರ ಮ್ಯಾಚ್ ಮುಗಿದ್ಮೇಲೆ ಇದೇ ಮಂಚದ ಮೇಲೆ ಕೂತ್ಕೊಂಡು ಒಂದು ಮಾತು ಹೇಳಿದ್ರಲ್ಲ,” ಎಂದಳು ತಲೆ ಎತ್ತದೆ. “ಅದಕ್ಕೆ ಶುಕ್ರವಾರ ಉತ್ತರ ಕೊಡ್ತೀನಿ.”

“ಹೂಂ,” ಎಂದುಬಿಟ್ಟ.

‘ಯಾವ ಮಾತು?’ ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳುವಂತಿರಲಿಲ್ಲ. ಅವನ ಬಳಿ ಭಾನುವಾರವೇ ಇರಲಿಲ್ಲ.

ಕಾರ್ನರಿನಿಂದ ಚೆಂಡು ತೇಲಿ ಬಂದದ್ದು ನೆನಪಿತ್ತು. ಎದುರಾಳಿ ಸ್ಟ್ರೈಕರನ ತಲೆ ತನ್ನ ಕಿವಿಯ ಹತ್ತಿರ ಬಂದದ್ದು ನೆನಪಿತ್ತು. ಆಮೇಲೆ ಮನೆಯಲ್ಲಿ ಒದ್ದೆ ಟವೆಲ್ ಹಿಡಿದು ನಿಂತದ್ದು. ನಡುವಿನ ಆಟವನ್ನೆಲ್ಲ ಅವನು ಫೋನಿನಲ್ಲಿ ನೋಡಿದ್ದ. ನಾಲ್ಕನೇ ನಂಬರಿನ ಒಬ್ಬ, ತನ್ನಂತೆಯೇ ಸ್ವಲ್ಪ ಕುಂಟುವವನು, ಗೋಲಿನ ಗೆರೆಯ ಮೇಲಿಂದ ಚೆಂಡನ್ನು ಹಣೆಯಲ್ಲೇ ಆಚೆ ತಳ್ಳಿದ. ಎಲ್ಲರೂ ಅವನನ್ನು ಎತ್ತಿ ಕುಣಿದರು. ಗಟ್ಟಿಗ, ಎಂದುಕೊಂಡ. ಯಾರೋ ಪರರನ್ನು ಮೆಚ್ಚಿದ ಹಾಗೆ.

ತಲೆಗೆ ನೆನಪು ಅಳಿಸುವಂಥ ಏಟು ಅವನಿಗೆ ಇದು ಮೂರನೆಯದು. ಮೂರನೆಯದಾದರೆ ಆಟ ನಿಲ್ಲಿಸಬೇಕು, ಕ್ಲಬ್ಬಿನ ನಿಯಮ. ಇಪ್ಪತ್ತರವನಿಗೆ ನಿಲ್ಲಿಸುವುದೆಂದರೆ ಕೆಲವು ತಿಂಗಳು. ಮೂವತ್ಮೂರರವನಿಗೆ ನಿಲ್ಲಿಸುವುದೆಂದರೆ ನಿಂತೇ ಹೋಗುವುದು. ಅದನ್ನು ಬರೆಯುವ ಪೆನ್ನು ಅವಳ ಕೈಯಲ್ಲಿತ್ತು.

ಏಟು ಬಿದ್ದವರಿಗೆ ಅವಳು ಐದು ಪದ ಓದಿ ಹೇಳುತ್ತಾಳೆ. ಒಂಟಿ ಕಾಲಲ್ಲಿ ನಿಲ್ಲಿಸಿ, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿ, ಮತ್ತೆ ಆ ಐದು ಪದ ಕೇಳುತ್ತಾಳೆ. ಅವಳ ಕಡತದಲ್ಲಿ ಇದ್ದದ್ದು ಇಂಥ ಪದಗಳ ಮೂರೇ ಪಟ್ಟಿ. ಎರಡನೇ ಏಟಿನ ವರ್ಷ ಕಡತ ಮೇಜಿನ ಮೇಲೆ ತೆರೆದಿತ್ತು. ಅವನು ಫೋಟೋ ತೆಗೆದುಕೊಂಡು, ಬಚ್ಚಲಿನಲ್ಲಿ ನಿಂತು, ಮಗ್ಗಿಯಂತೆ ಉರು ಹೊಡೆದಿದ್ದ. ಈ ಸೋಮವಾರವೂ ಐದಕ್ಕೆ ಐದು ಒಪ್ಪಿಸಿ ಪಾಸಾಗಿದ್ದ; ಪಾಸಾದರೆ ಏಟು ಲೆಕ್ಕಕ್ಕಿಲ್ಲ. ಶನಿವಾರ ಮುಂದಿನ ಮ್ಯಾಚು.

ಪಾಸಾದರೂ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಕ್ಯಾಪ್ಟನ್ ಬರುತ್ತಿದ್ದ. “ಹಣೆಯಿಂದ ಹೊಡಿ, ಕಣ್ಣು ಮುಚ್ಚಬೇಡ” ಎಂದು ಅವನಿಗೆ ಹೆಡ್ಡರ್ ಕಲಿಸಿದವನು. ಈಗ ಐವತ್ತೊಂದು ವರ್ಷ. ಹೋದ ತಿಂಗಳು ನೋಡಲು ಹೋದಾಗ “ನೀನು ಯಾವ ಟೀಮಪ್ಪಾ?” ಎಂದು ಮೂರು ಸಲ ಕೇಳಿದ್ದ. ಅಡುಗೆಮನೆಯ ಕಪಾಟುಗಳ ಮೇಲೆಲ್ಲ ಅವನ ಹೆಂಡತಿ ಚೀಟಿ ಅಂಟಿಸಿದ್ದಳು. ಇಲ್ಲಿ ಲೋಟ. ಇಲ್ಲಿ ಸಕ್ಕರೆ.

ಬುಧವಾರ ಅವನು ಗೋಲ್‌ಕೀಪರನನ್ನು ಹಿಡಿದ. ಭಾನುವಾರ ಪಕ್ಕದ ಮಂಚದಲ್ಲಿ ಬೆರಳಿಗೆ ಐಸ್ ಕಟ್ಟಿಸಿಕೊಂಡು ಕೂತಿದ್ದವನು ಅವನೇ.

“ನಾನು ಅವತ್ತು ಡಾಕ್ಟ್ರ ಹತ್ರ ಏನಾದ್ರೂ ಮಾತಾಡಿದ್ನಾ?”

“ನೀನಾ? ಮಾತಾ?” ಗೋಲ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೋ, ನಾಲ್ಕು ವರ್ಷದಿಂದ ಅವರನ್ನ ನೋಡೋಕೆ ಇಲ್ಲದ ಮಂಡಿನೋವು ತಂದ್ಕೊಂಡು ಹೋಗ್ತೀಯ. ಸೋಮವಾರ ಎಡಗಡೆ ಮಂಡಿ, ಮಂಗಳವಾರ ಬಲಗಡೆ. ನೋವಿಗೇ ನಾಚಿಕೆ ಆಗ್ಬೇಕು. ನೀನು ಮಾತಾಡಿದ್ರೆ ಗೋಲ್ ಪೋಸ್ಟೂ ಮಾತಾಡುತ್ತೆ.”

“ನೀನು ಕೊನೇವರೆಗೂ ಇದ್ಯಾ?”

“ಇಲ್ಲಪ್ಪ, ನಡುವೆ ಸ್ನಾನಕ್ಕೆ ಹೋದೆ.”

ಹಾಗಾದರೆ ಆಗಲೇ ಹೇಳಿರಬೇಕು.

ಗುರುವಾರ ಅಕ್ಕನನ್ನು ಕೇಳಿದ. ಅಕ್ಕ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುತ್ತಾಳೆ. ಇವನು ಮನೆಗೆ ಬಂದದ್ದು ಅವಳ ಕಿವಿಗಲ್ಲ, ಮೂಗಿಗೆ ಗೊತ್ತಾಗುತ್ತದೆ. ಅಷ್ಟು ನೋವಿನ ಎಣ್ಣೆಯ ವಾಸನೆ ಅವನದು.

“ಭಾನುವಾರ ಬಂದ್ಮೇಲೆ ನಾನು ಹೇಗಿದ್ದೆ ಅಕ್ಕಾ?”

ಅಕ್ಕ ಮೆಷಿನ್ ನಿಲ್ಲಿಸಿದಳು. “ಊಟ ಮಾಡಿದೆ. ಕೈ ತೊಳ್ಕೊಂಡು ಬಂದು ‘ಅಕ್ಕಾ, ಊಟಕ್ಕೆ ಹಾಕು’ ಅಂದೆ. ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ.” ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಅವನ ಮುಖವನ್ನೇ ನೋಡಿದಳು. “ತಮಾಷೆ ತಾನೇ ಕಣೋ?”

“ಮತ್ತಿನ್ನೇನು?” ಎಂದ.

ಶುಕ್ರವಾರ ಬಂತು. ಫಿಸಿಯೋ ಕೋಣೆಯಲ್ಲಿ ಅವಳು ಆ ದಿನ ಕೂದಲನ್ನು ಬ್ಯಾಂಡೇಜಿನ ತುಂಡಿನಿಂದ ಎತ್ತಿ ಕಟ್ಟಿದ್ದಳು. ಒಂದು ಎಳೆ ತಪ್ಪಿಸಿಕೊಂಡು ಕತ್ತಿನ ಮೇಲೆ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಆ ಎಳೆಯೊಂದನ್ನೇ ನೋಡುತ್ತ ಅರ್ಧ ಗಂಟೆ ಕಳೆಯುತ್ತಿದ್ದ. ಇವತ್ತು ಕಣ್ಣು ಅಲ್ಲಿ ನಿಲ್ಲಲಿಲ್ಲ. ಕಿಟಕಿಯಾಚೆ ಯಾರೋ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು, ನಾಳೆಯ ಮ್ಯಾಚಿಗೆ.

“ಮೊದಲು ಕೆಲಸ,” ಎಂದು ಹಾಳೆ ತೆಗೆದಳು. “ಕೊಡೆ, ಬೆಂಚು, ಉಪ್ಪು, ಕತ್ತರಿ, ದೋಣಿ.”

ಒಂಟಿ ಕಾಲಲ್ಲಿ ನಿಂತ. ಡಿಸೆಂಬರಿನಿಂದ ಜನವರಿಗೆ ಬಂದ. ಮತ್ತೆ ಮಂಚದ ಮೇಲೆ ಕೂತ. “ಕೊಡೆ, ಬೆಂಚು, ಉಪ್ಪು, ಕತ್ತರಿ, ದೋಣಿ.”

“ಭೇಷ್.” ಹಾಳೆಯನ್ನು ಬೋರಲು ಹಾಕಿ ಅವನ ಎದುರಿನ ಸ್ಟೂಲಿನಲ್ಲಿ ಕೂತಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. “ಇನ್ನು ನಮ್ಮ ವಿಷಯ. ಭಾನುವಾರ ಹೇಳಿದ್ದು... ಮನಸಾರೆ ಹೇಳಿದ್ರಾ?”

“ಮನಸಾರೆ.”

“ನೆನಪಿದೆ ತಾನೇ?”

“ಅದನ್ನ ಮರೆಯೋಕಾಗುತ್ತಾ ಡಾಕ್ಟ್ರೇ?”

ಅವಳು ಕಣ್ಣು ಮುಚ್ಚಿ ತೆರೆದಳು. “‘ನಿಮ್ಮ ಜೊತೆ ಒಂದೇ ಮನೇಲಿ ಮುದುಕ ಆಗ್ಬೇಕು’ ಅಂದ್ರಿ. ಹೌದಾ?”

ಅವನ ಮೈಯೆಲ್ಲ ಹಗುರಾಯಿತು. ಸಿಕ್ಕಿತು, ಕಳೆದುಹೋದ ಮಾತು ಸಿಕ್ಕಿತು! ಎಷ್ಟು ಚೆಂದದ ಮಾತು. ತನ್ನಂಥ ಮೂಕನೂ ಇಷ್ಟು ಚೆಂದ ಹೇಳಬಲ್ಲನೇ?

“ಹೌದು. ಅಂದೆ.”

ಅವಳು ನಗಲಿಲ್ಲ. ಕೆಳತುಟಿ ಕಚ್ಚಿಕೊಂಡು, ಬೋರಲಾಗಿದ್ದ ಹಾಳೆಯನ್ನು ಎತ್ತಿ, ಪೆನ್ನಿನ ಮುಚ್ಚಳ ತೆಗೆದಳು. ಆ ಮುಚ್ಚಳದ ಸಣ್ಣ ಸದ್ದಿಗೆ ಅವನು ಹಾಳೆಯತ್ತ ಬಗ್ಗಿದ.

“ಏನ್ ಬರೀತಿದ್ದೀರಿ?”

“ನೀವು ಅವತ್ತು ಏನೂ ಹೇಳ್ಲಿಲ್ಲ,” ಎಂದಳು. “‘ಐಸ್ ಜಾಸ್ತಿ ತಣ್ಣಗಿದೆ’ ಅಂದ್ರಿ. ಅಷ್ಟೇ.”

ಕೋಣೆಯ ಮೂಲೆಯಲ್ಲಿ ಐಸಿನ ಫ್ರಿಜ್ ಗುಂಯ್ ಎನ್ನುತ್ತಿತ್ತು.

“ನನಗೇ ಬಲೆ ಹಾಕಿದ್ರಾ?”

“ಇನ್ನೇನ್ ಮಾಡ್ಲಿ? ಸೋಮವಾರ ನಾನು ಐದನೇ ಪದ ಓದೋ ಮೊದ್ಲೇ ನಿಮ್ಮ ತುಟಿ ಅದನ್ನ ಹೇಳಿತ್ತು. ನಿಮ್ಮ ತುಟಿ ನೋಡೋರು ಯಾರಿರ್ತಾರೆ ಅಂದ್ಕೊಂಡ್ರಾ? ನಾನಿದ್ದೆ.” ಬರೆದದ್ದನ್ನು ಹೊಡೆದುಹಾಕಿ ಅವಳು ಮತ್ತೆ ಬರೆದಳು. “ಉರು ಹೊಡೆಯೋಕಾಗದ ಒಂದೇ ಪ್ರಶ್ನೆ ಇದ್ದದ್ದು. ‘ಇಲ್ಲ ಡಾಕ್ಟ್ರೇ, ನಾನು ಹಾಗೆ ಅನ್ಲೇ ಇಲ್ಲ’ ಅಂತ ನೀವಂದಿದ್ರೆ ನಾಚಿಕೆಯಿಂದ ಸತ್ತೇ ಹೋಗ್ತಿದ್ದೆ. ಆದ್ರೂ ಹಾಗೇ ಅನ್ಲಿ ಅಂತ ನಾಲ್ಕು ದಿನದಿಂದ ಬೇಡ್ಕೊಂಡೆ.”

ಸಿಟ್ಟು ಬರಬೇಕಿತ್ತು. ಹದಿನೈದು ವರ್ಷದ ಆಟ ಅವಳ ಸಹಿಯ ಕೆಳಗೆ ಮುಗಿಯುತ್ತಿತ್ತು. ಆದರೆ ಅವನಿಗೆ ಕಾಣಿಸಿದ್ದು ಕ್ಯಾಪ್ಟನ್ ಮನೆಯಂಥ ಚೀಟಿಗಳು, ತನ್ನದೇ ಅಡುಗೆಮನೆಯ ಕಪಾಟಿನ ಮೇಲೆ; ಅವುಗಳ ಮೇಲಿದ್ದ ಅಕ್ಷರ ಇವಳದು.

“ಭಯ ಆಗ್ತಿದೆ,” ಎಂದ. ಆಡುವ ಕಾಲದಲ್ಲಿ ಒಮ್ಮೆಯೂ ಆಡದ ಮಾತು. “ತುಂಬಾ ಭಯ. ಅಕ್ಕನ ಹತ್ರ ಎರಡು ಸಲ ಊಟ ಕೇಳ್ದೆ.”

“ನನಗೂ ಭಯ,” ಎಂದು ಪೆನ್ನು ಕೆಳಗಿಟ್ಟಳು. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವನ ಹಣೆಯ ಮೇಲಿಟ್ಟಳು. ಯಾವ ಚಿಕಿತ್ಸೆಯಲ್ಲೂ ಇಲ್ಲದ ಜಾಗದಲ್ಲಿ. ಅವನು ಅಲುಗಾಡಲಿಲ್ಲ.

“ಡಾಕ್ಟ್ರೇ... ಆ ಮಾತು ಎಲ್ಲಿಂದ ತಂದ್ರಿ? ಮುದುಕ ಆಗೋದು?”

“ಎಲ್ಲಿಂದ ತರ್ಲಿ? ನನ್ನದೇ.” ಅವಳ ಕಿವಿ ಕೆಂಪಾಗಿತ್ತು. “ನಿಮ್ಮ ಬಾಯಿಂದ ಬರೋದಂತೂ ಈ ಜನ್ಮದಲ್ಲಿ ಇರ್ಲಿಲ್ಲ. ನಾನೇ ನಿಮ್ಮ ಬಾಯಿಗಿಟ್ಟೆ.”

ಶನಿವಾರ ನಾಲ್ಕನೇ ನಂಬರಿನ ಅಂಗಿ ಬೇರೆಯವರು ಹಾಕಿಕೊಂಡರು. ಅವನು ಅವಳ ಪಕ್ಕದಲ್ಲಿ ಕೂತು, ಪ್ರತಿ ಹೆಡ್ಡರಿಗೂ ಬೆಚ್ಚಿಬೀಳುತ್ತ, ತೊಂಬತ್ತು ನಿಮಿಷ ನೋಡಿದ.

ಅದಾಗಿ ಒಂದೂವರೆ ವರ್ಷ. ಈಗ ಇಬ್ಬರದೂ ಒಂದೇ ಮನೆ. ಪ್ರತಿ ಶುಕ್ರವಾರ ಕಾಫಿಯ ಹೊತ್ತಿಗೆ ಅವಳು ಐದು ಹೊಸ ಪದ ಹೇಳುತ್ತಾಳೆ, ಲೋಟ ತೊಳೆದ ಮೇಲೆ ಕೇಳುತ್ತಾಳೆ. ಅವನು ಐದನ್ನೂ ಹೇಳುತ್ತಾನೆ. ಅವಳು ಹಿಡಿದಿಟ್ಟ ಉಸಿರು ಬಿಡುವುದು ಅವನಿಗೆ ಕೇಳಿಸುತ್ತದೆ. “ಪಾಸಾ?” ಎಂದರೆ “ಪಾಸು ರೀ, ಮುಂದಿನ ಶುಕ್ರವಾರದವರೆಗೆ ಸಹಿಸ್ಕೋತೀನಿ” ಎಂದು ಕೆನ್ನೆ ಚಿವುಟುತ್ತಾಳೆ.

ಈಚೆಗೆ, ಅವಳು ಲೋಟ ತೊಳೆಯುವಾಗ, ಅವನಿಗೆ ಆ ಭಾನುವಾರ ಕಣ್ಣಿಗೆ ಕಟ್ಟುತ್ತದೆ. ಐಸಿನ ನೀರು ಕಿವಿಯ ಹಿಂದೆ ಇಳಿಯುತ್ತಿದೆ. ಗೋಲ್‌ಕೀಪರ್ ಸ್ನಾನಕ್ಕೆ ಹೋಗಿದ್ದಾನೆ. ಅವಳು ತಲೆ ಎತ್ತುತ್ತಾಳೆ. ‘ನಿಮ್ಮ ಜೊತೆ ಒಂದೇ ಮನೇಲಿ ಮುದುಕ ಆಗ್ಬೇಕು’ ಎನ್ನುತ್ತಾನೆ ಅವನು. ತನ್ನದೇ ದನಿ, ಸ್ವಲ್ಪ ಒಡೆದ ದನಿ, ಸ್ಪಷ್ಟವಾಗಿ.

ಆ ಭಾನುವಾರ ಅವನು ಆ ಮಾತು ಹೇಳಿರಲಿಲ್ಲ. ಈಗ ಅದು ತನಗೆ ನೆನಪಿದೆ ಎಂಬುದನ್ನೂ ಅವನು ಅವಳಿಗೆ ಎಂದೂ ಹೇಳಿಲ್ಲ.