ಇಂಜಿನ್ ಕದ್ದು ಕುಡಿದ ಗಾಳಿ

ಬೆಳಿಗ್ಗೆಯೇ ಮೇಲಿನ ಕಾವಲು ಚೌಕಿಯಿಂದ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ಯಾಕ್ ಕಾಯುವ ಮಿಂಗ್ಮಾನ ತೊಡೆ ಮರದಡಿ ಸಿಕ್ಕಿ ಮುರಿದಿದೆ, ಪಾದ ತಣ್ಣಗಾಗುತ್ತಿದೆ. ಸಂಜೆಯೊಳಗೆ ಕೆಳಗಿನ ಆಸ್ಪತ್ರೆ ಮುಟ್ಟದಿದ್ದರೆ ಕಾಲು ಉಳಿಯುವುದಿಲ್ಲ.

ಉರ್ಗೆನ್ ತನ್ನ ಹಳೆಯ ಪೆಟ್ರೋಲ್ ಜೀಪನ್ನು ಹೊರಡಿಸಿದ. ಪಕ್ಕದಲ್ಲಿ ನರ್ಸ್ ಸಬಿತ್ರಿ ಕೂತಳು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿಯ ತಮ್ಮ, ಮೆಕ್ಯಾನಿಕ್ ದಾವಾ.

ಕಲ್ಲು ಹಾಸಿದ ದಾರಿ ಬಿದಿರುಮೆಳೆಗಳನ್ನು ದಾಟಿ, ಕೆಂಪು ಗುರಾಸ್ ಹೂಗಳ ಕಾಡನ್ನು ಸೀಳಿ, ಬೋಳು ಗುಡ್ಡದ ಬೆನ್ನಿಗೆ ಏರುತ್ತಿತ್ತು. ಒಂದು ಬದಿಯಲ್ಲಿ ಹಿಮದ ಶಿಖರಗಳು, ಇನ್ನೊಂದು ಬದಿಯಲ್ಲಿ ಮಂಜು ತುಂಬಿದ ಕಣಿವೆ. ಚೋರ್ತೆನ್ ಎನ್ನುವ ಬೌದ್ಧ ಸ್ತೂಪದ ತಿರುವಿನಲ್ಲಿ ಉರ್ಗೆನ್ ವಾಡಿಕೆಯಂತೆ ಇಳಿದ. ಅಲ್ಲಿಂದ ಮುಂದೆ ಗಾಳಿ ತೆಳುವಾಗುತ್ತದೆ, ಅದಕ್ಕೆ ಆ ದಾರಿಯ ಡ್ರೈವರುಗಳೆಲ್ಲ ಪೆಟ್ರೋಲನ್ನೂ ತಗ್ಗಿಸಿಕೊಳ್ಳುತ್ತಾರೆ. ಬಾನೆಟ್ ಎತ್ತಿ ಕಾರ್ಬೊರೇಟರಿನ ತಿರುಪನ್ನು ಅರ್ಧ ಸುತ್ತು ತಿರುವಿದ.

ಎರಡು ಮೈಲಿ ಹೋಗುವಷ್ಟರಲ್ಲಿ ಇಂಜಿನ್ ಕೆಮ್ಮತೊಡಗಿತು. ಉರ್ಗೆನ್ ಇಳಿದು ಇನ್ನರ್ಧ ಸುತ್ತು ತಿರುವಿದ. ಕೆಮ್ಮು ಹೆಚ್ಚಾಯಿತು.

“ಎತ್ತರ ಹಿಡಿದಿದೆ ಇದಕ್ಕೆ,” ಎಂದ.

“ಎತ್ತರ ಅಲ್ಲ ಭಾವ. ಏನೋ ಬುಸುಗುಡ್ತಿದೆ, ಕೇಳಿ.”

“ಮೂವತ್ತು ವರ್ಷ ಓಡಿಸಿದೋನು ನಾನು. ನೀನು ನಿನ್ನೆ ಸ್ಪ್ಯಾನರ್ ಹಿಡಿದೋನು.”

ಕಡಿದಾದ ಏರಿನಲ್ಲಿ ಇಂಜಿನ್ ಪಟ್ಟೆಂದು ಸಿಡಿದು ನಿಂತಿತು.

ಸವೆದ ಬ್ರೇಕ್ ಆ ಏರಿನಲ್ಲಿ ಹಿಡಿಯಲಿಲ್ಲ. ಜೀಪು ಹಿಂದಕ್ಕೆ ಜಾರಿತು. ಸಬಿತ್ರಿ ಹಾರಿ ಇಳಿದು ದೊಡ್ಡ ಕಲ್ಲೊಂದನ್ನು ಹಿಂದಿನ ಚಕ್ರಕ್ಕೆ ಅಡ್ಡ ಉರುಳಿಸಿದಳು. ಚಕ್ರ ಅದಕ್ಕೆ ಆತು ನಿಂತಿತು. ಕಣಿವೆಯ ಅಂಚಿಗೆ ಇನ್ನು ಎರಡು ಮಾರು.

“ಇಬ್ಬರೂ ಆಮೇಲೆ ಜಗಳ ಆಡಿ,” ಎಂದಳು ಅವಳು, ಏದುಸಿರಿನಲ್ಲಿ. “ಮೇಲೆ ಒಂದು ಕಾಲು ಕಾಯ್ತಿದೆ.”

ಕಷ್ಟಪಟ್ಟು ಇಂಜಿನ್ ಚಾಲೂ ಮಾಡಿದರು. ಅದಕ್ಕೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೂಡುವ ಜಾಗಕ್ಕೆ ದಾವಾ ಬಾಟಲಿಯಿಂದ ನೀರು ಹನಿಸಿದ. ಕೊನೆಯ ಮೂಲೆಯಲ್ಲಿ ಹನಿಗಳು ಸರಕ್ಕನೆ ಒಳಗೆ ಮಾಯವಾದವು, ಇಂಜಿನ್ನಿನ ದನಿ ಬದಲಾಯಿತು.

“ಇಲ್ಲಿಂದ ಕದ್ದು ಕುಡೀತಿದೆ ಗಾಳಿನ. ನೀವು ಪೆಟ್ರೋಲ್ ಬೇರೆ ಕಡಿಮೆ ಮಾಡಿದ್ರಿ. ಬರೀ ಗಾಳಿ ಕುಡಿದು ಗುಡ್ಡ ಹತ್ತುತ್ತಾ? ಗ್ಯಾಸ್ಕೆಟ್ ಯಾರು ಕೂರಿಸಿದ್ದು?”

ಉರ್ಗೆನ್ ಬಾಗಿ ಆ ಮೂಲೆಯನ್ನು ನೋಡಿದ. ಸಂದು ಮುಚ್ಚುವ ಆ ರಟ್ಟನ್ನು ಹೋದ ವಾರ ತಾನೇ ಕೂರಿಸಿದ್ದ, ರೊಟ್ಟಿಗೆ ಬೆಣ್ಣೆ ಬಳಿದಂತೆ ಅಂಟು ಬಳಿದು, ಒಂದು ತುದಿಯ ನಟ್ಟನ್ನು ಪೂರ್ತಿ ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದ.

“ನಾನೇ,” ಎಂದು ಸ್ಪ್ಯಾನರನ್ನು ಮೈದುನನ ಕೈಗಿಟ್ಟ.

ಇಂಜಿನ್ ನಿಲ್ಲಿಸಿ, ಅದು ತಣಿಯುವವರೆಗೆ ಕಾದರು. ಆ ಅರ್ಧ ಗಂಟೆ ಯಾರೂ ಗಡಿಯಾರ ನೋಡಲಿಲ್ಲ. ಬಿಚ್ಚಿದಾಗ ಹಳೆಯ ಗ್ಯಾಸ್ಕೆಟ್ ಮೂಲೆಯಲ್ಲಿ ಹರಿದಿತ್ತು. ಉರ್ಗೆನ್ ಗಟ್ಟಿಯಾದ ಅಂಟನ್ನೆಲ್ಲ ಚೂರೂ ಒಳಗೆ ಬೀಳದಂತೆ ಕೆರೆದು, ಮೇಲ್ಮೈ ಒರೆಸಿದ. ಸಬಿತ್ರಿ ಔಷಧಿ ಪೆಟ್ಟಿಗೆಯ ತೆಳು ರಟ್ಟನ್ನು ಹರಿದು ಕೊಟ್ಟಳು. ದಾವಾ ಅದನ್ನು ಮ್ಯಾನಿಫೋಲ್ಡಿನ ಮೇಲಿಟ್ಟು, ಅಂಚುಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದ. ತೂತುಗಳು ತಾವಾಗಿ ಕತ್ತರಿಸಿಕೊಂಡವು. ಎರಡೂ ಕಡೆ ಅಂಟನ್ನು ಬೆರಳಿನಲ್ಲಿ ಸವರಿದ, ಕಂಡೂ ಕಾಣದಷ್ಟು. ಮಧ್ಯದ ನಟ್ಟಿನಿಂದ ಹೊರಕ್ಕೆ, ಸ್ವಲ್ಪಸ್ವಲ್ಪವಾಗಿ, ಮೂರು ಸುತ್ತಿನಲ್ಲಿ ಬಿಗಿದ. ಉರ್ಗೆನ್ ಎರಡನೆಯ ಸಲ ತಿರುವಿದ್ದ ತಿರುಪನ್ನು ಆ ಅರ್ಧ ಸುತ್ತು ಹಿಂದಕ್ಕೆ ತಂದ.

ಇಂಜಿನ್ ಚಾಲೂ ಆಯಿತು. ಬುಸುಗುಟ್ಟುವ ಸದ್ದು ಇರಲಿಲ್ಲ.

ಚೌಕಿಯಲ್ಲಿ ಸಬಿತ್ರಿ ಮಿಂಗ್ಮಾನ ಕಾಲನ್ನು ಮೆಲ್ಲಗೆ ಎಳೆದು ನೇರಮಾಡಿ ಬಿದಿರುಪಟ್ಟಿ ಕಟ್ಟಿದಳು. ಅವನು ಹಲ್ಲು ಕಚ್ಚಿ, “ನನ್ನ ಯಾಕ್ ಆಗಿದ್ರೆ ಇಷ್ಟೊತ್ತಿಗೆ ಎರಡು ಸಲ ಹೋಗಿ ಬಂದಿರೋದು,” ಎಂದ. ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಹಿಮ ಉದುರತೊಡಗಿತ್ತು. ಉರ್ಗೆನ್ ಕಲ್ಲುಕಲ್ಲಿಗೂ ನಿಧಾನಿಸಿ, ಬ್ರೇಕನ್ನು ನಂಬದೆ ಗೇರಿನ ಹಿಡಿತದಲ್ಲೇ ಜೀಪನ್ನು ಇಳಿಸಿದ.

ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಕ್ಕದ ಜೀಪ್ ಸ್ಟ್ಯಾಂಡಿನ ಡ್ರೈವರುಗಳು ಉರ್ಗೆನ್‌ನನ್ನು ಸುತ್ತುವರಿದರು.

“ತಡ ಆಯ್ತಲ್ಲ ದಾಜು, ಎತ್ತರ ಹಿಡೀತಾ?”

“ಇಲ್ಲ. ಗ್ಯಾಸ್ಕೆಟ್ ಕೆಟ್ಟದಾಗಿ ಕೂರಿಸಿದ್ದೆ ನಾನು. ದಾವಾ ಸರಿಮಾಡಿದ.”

ಅಷ್ಟರಲ್ಲಿ ಮಿಂಗ್ಮಾನ ಜೊತೆ ಒಳಗೆ ಹೋಗಿದ್ದ ಸಬಿತ್ರಿ ಹೊರಗೆ ಬಂದಳು.

“ಕಾಲ್ಬೆರಳು ಬೆಚ್ಚಗಾಗ್ತಿದೆ. ಕಾಲು ಉಳಿಯತ್ತಂತೆ.”

ಉರ್ಗೆನ್ ಮೆಟ್ಟಿಲ ಮೇಲೆ ಕುಳಿತು, ಪಕ್ಕದಲ್ಲಿ ದಾವಾನಿಗೆ ಜಾಗ ಬಿಟ್ಟ.